ಬರ್ಮಾ-ಶೆಲ್ ಎಣ್ಣೆ ಸಂಸ್ಥೆ

ಬ್ರಿಟಿಷ್ ಮತ್ತು ಡಚ್ ಬಂಡವಾಳದಿಂದ 1928ರಲ್ಲಿ ಸ್ಥಾಪಿತವಾಗಿ, ಸುಮಾರು ಅರ್ಧ ಶತಮಾನದ ಕಾಲ ಭಾರತದಲ್ಲಿ ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್, ಕೀಲೆಣ್ಣೆ ಮೊದಲಾದುವನ್ನು ಮಾರುತ್ತ, 1955ರಿಂದೀಚೆಗೆ ಮುಂಬಯಿಯ ಮಾಹುಲಿನಲ್ಲಿ ಕಚ್ಚಾ ತೈಲವನ್ನು ಶುದ್ಧಿಮಾಡುತ್ತ ಬಂದು, 1976ರಲ್ಲಿ ರಾಷ್ಟ್ರದ ಸ್ವತ್ತಾಗಿ, ಮರುವರ್ಷ ಭಾರತ್ ಪೆಟ್ರೋಲಿಯಂ ಎಂಬ ಹೆಸರನ್ನು ಧರಿಸಿದ ವಾಣಿಜ್ಯಸಂಸ್ಥೆ. ತೈಲೋದ್ಯಮದ ಚರಿತ್ರೆಯೆಂದರೆ ಬಾವಿ ತೋಡಿದವರ ಸಾಹಸಗಾಥೆಯೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ಸಂಸ್ಥೆಯ ಬಲವಾದರೋ ಬೇರೆಡೆ ದೊರೆತ ಎಣ್ಣೆಯನ್ನು ಬಂದರಿನಿಂದ ಹೊರಡಿಸಿ, ರೈಲು, ಎತ್ತಿನ ಗಾಡಿ, ತಲೆಹೊರೆಗಳ ಮೂಲಕ ಕಟ್ಟಕಡೆಯ ಹಳ್ಳಿಯ ಚಿಲ್ಲರೆ ಅಂಗಡಿಗೆ ಮುಟ್ಟಿಸುವ ವಿತರಣಜಾಲದಲ್ಲಿ ಅಡಗಿದ್ದಿತು. ಒಡೆತನ ಬದಲಾದಾಗಲೂ ಸಂಸ್ಥೆ ಚದುರಿಹೋಗದೆ ಉಳಿದುದಕ್ಕೆ ಇದೇ ಕಾರಣವೆನ್ನಬೇಕು.

ಇದರ ಮೂಲವನ್ನು ಅರಸಿ ಹೊರಟವನು ಬರ್ಮಾದೇಶದ ಐರಾವತೀ ನದೀತೀರದ ಯೆನಾಂಜಾಂಗ್ ಎಂಬ ಊರನ್ನು ಸೇರುತ್ತಾನೆ. 1795ರಲ್ಲಿ ಆವಾ ರಾಜ್ಯಕ್ಕೆ ರಾಯಭಾರ ಹೋಗುತ್ತಿದ್ದ ಮೈಕೇಲ್ ಸೈಮ್ಸ್ ಈ ಪ್ರದೇಶವನ್ನು ಹಾದುಹೋದಾಗಲೇ ಅಲ್ಲಿ ಎಣ್ಣೆಬಾವಿಗಳೂ ಎಣ್ಣೆಯ ವ್ಯಾಪಾರವೂ ಚೆನ್ನಾಗಿ ಬೇರೂರಿದ್ದುವು. ಟ್ವಿನ್ಜಾ ಎಂದು ಕರೆಯಲ್ಪಡುತ್ತಿದ್ದ ಕೆಲವು ಮನೆತನಗಳಿಗೆ ಬಾವಿ ತೋಡುವ ಹಕ್ಕು ವಂಶಪಾರಂಪರ್ಯವಾಗಿ ಸಲ್ಲುತ್ತಿದ್ದಿತು. ಮರದ ಚೌಕಟ್ಟಿನಿಂದ ಭದ್ರಪಡಿಸಿದ ಚೌಕಬಾವಿಯೊಳಕ್ಕೆ ಹಗ್ಗದ ಆಧಾರದಿಂದ ಇಳಿಯುವ ತೋಡುಗ, ಕೆಳಗಣ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲೆಂದು ಇಳಿಯುವುದಕ್ಕೆ ಮೊದಲೇ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದನು. ತಳದಲ್ಲಿ ತುಂಬಿರುತ್ತಿದ್ದ ವಿಷಾನಿಲದಲ್ಲಿ ಅವನು ಹೆಚ್ಚು ಹೊತ್ತು ನಿಲ್ಲಲಾರನಾದುದರಿಂದ, ನಾಲ್ಕಾರು ಪೆಟ್ಟು ಹಾಕುವಷ್ಟರಲ್ಲಿಯೇ ಮೇಲಿನವರು ಅವನನ್ನು ಸೇದಿಕೊಳ್ಳಬೇಕಾಗುತ್ತಿದ್ದಿತು. ಹೀಗೆ ಪ್ರಾಣವನ್ನು ಒತ್ತೆಯಿಟ್ಟು ತೆಗೆದ ಎಣ್ಣೆ ಮಡಕೆಗಳಲ್ಲಿ ತುಂಬಿ ದೋಣಿಯೇರಿ ನದಿಯ ಗುಂಟ ಸಾಗುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಿಂಡೋನ್ ದೊರೆ ಈ ವ್ಯಾಪಾರವನ್ನು ಅರಮನೆಯ ಏಕಸ್ವಾಮ್ಯವನ್ನಾಗಿ ಮಾಡಿಕೊಂಡನು. ಕೆಳಬರ್ಮಾದಲ್ಲಿ ನೆಲೆಯೂರಿದ್ದ ಬ್ರಿಟಿಷ್ ವರ್ತಕರು ಅವನಿಂದ ಕೊಂಡ ಎಣ್ಣೆಯನ್ನು ಶುದ್ಧಿಮಾಡುವುದಕ್ಕಾಗಿ 1871ರಲ್ಲಿ ರಂಗೂನ್ ಆಯಿಲ್ ಕಂಪೆನಿಯನ್ನು ಕಟ್ಟಿದರು.

ಗ್ಲಾಸ್ಗೋ ನಗರದ ವರ್ತಕನಾದ ಡೇವಿಡ್ ಸೈಮ್ ಕಾರ್ಗಿಲ್ ಈ ಉದ್ಯಮವನ್ನು ಕೈಗೆತ್ತಿಕೊಂಡು, 1886ರಲ್ಲಿ ಸ್ಕಾಟ್ಲೆಂಡಿನಲ್ಲಿ ಬರ್ಮಾ ಆಯಿಲ್ ಕಂಪೆನಿಯನ್ನು ನೋಂದಾಯಿಸಿದನು. ಮೇಲುಬರ್ಮಾ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರ್ಪಡೆಯಾದುದೂ ಅದೇ ವರ್ಷ ಎಂಬುದನ್ನು ಕಾಕತಾಳೀಯವೆಂದು ತಳ್ಳಿಹಾಕುವಂತಿಲ್ಲ. ಅಂದಿನಿಂದ 1937ರವರೆಗೆ ಬರ್ಮಾ ಭಾರತದ ಒಂದು ಪ್ರಾಂತವಾಗಿಯೇ ಆಳಲ್ಪಟ್ಟಿತಾದ ಕಾರಣ, ಅಮೆರಿಕದ ಮತ್ತು ರಷ್ಯದ ಸೀಮೆಎಣ್ಣೆ ತೆರುತ್ತಿದ್ದ ಆಮದು ಸುಂಕ ಈ ಕಂಪೆನಿಯ ಎಣ್ಣೆಗೆ ತಟ್ಟಲಿಲ್ಲ. ಯಂತ್ರದಿಂದ ಬಾವಿ ಕೊರೆಯುವ ಪದ್ಧತಿ, ರಂಗೂನಿನ ಬಳಿ ಸಿರಿಯಮ್ ಎಂಬಲ್ಲಿ ಎದ್ದ ದೊಡ್ಡ ಶುದ್ಧೀಕರಣಾಗಾರ, ಯೆನಾಂಜಾಂಗಿನಿಂದ ಅಲ್ಲಿಗೆ ಹಾಸಿದ ಕೊಳವೆಮಾರ್ಗ ಎಲ್ಲವೂ ಕಂಪೆನಿಯ ಏಳಿಗೆಗೆ ನೆರವಾದುವು, ನಿಜ. ಆದರೆ ಸುಂಕದ ಈ ಬೇಲಿ ಇಲ್ಲದಿದ್ದರೆ ಬಂಗಾಳ ಮತ್ತು ಮದರಾಸುಗಳ ಪೇಟೆ ಇಷ್ಟು ಸುಲಭವಾಗಿ ಅದರ ಕೈವಶವಾಗುತ್ತಿರಲಿಲ್ಲ.

ಪ್ರತಿಸ್ಪರ್ಧಿಗಳೂ ಕೈಕಟ್ಟಿ ಕುಳಿತಿರಲಿಲ್ಲ. ಲಂಡನ್ನಿನ ವರ್ತಕ ಮಾರ್ಕಸ್ ಸ್ಯಾಮ್ಯುಯಲ್ 1892ರಲ್ಲಿ ಮ್ಯೂರೆಕ್ಸ್ ಎಂಬ ಟ್ಯಾಂಕರ್ ಹಡಗನ್ನು ಸೂಯೆಜ್ ಕಾಲುವೆಯ ಮೂಲಕ ಪೂರ್ವಕ್ಕೆ ಕಳುಹಿಸಿ, ರಷ್ಯದ ಸೀಮೆಎಣ್ಣೆಯನ್ನು ಡಬ್ಬಿಗಳಲ್ಲಿ ತುಂಬದೆ ಹಡಗಿನ ಹೊಟ್ಟೆಗೇ ಸುರಿದು ಸಾಗಿಸುವ ಅಗ್ಗದ ಮಾರ್ಗವನ್ನು ತೆರೆದನು. ಆದರೆ ಏಷ್ಯದ ಗಿರಾಕಿಗೆ ಎಣ್ಣೆಯಷ್ಟೇ ಅದು ಬರುವ ತಗಡಿನ ಡಬ್ಬಿಯೂ ಬೇಕಾಗಿದ್ದಿತೆಂಬುದು ಅವನ ಅರಿವಿಗೆ ಬಂದುದು ಅನಂತರ. ಎಣ್ಣೆ ತೀರಿದ ಮೇಲೆ ನಾಲ್ಕು ಗ್ಯಾಲನ್ನಿನ ಆ ಡಬ್ಬಿ ನೀರು ಹೊರುವ ಕೊಡವಾಗಿ, ದವಸ ತುಂಬುವ ಪಾತ್ರೆಯಾಗಿ, ಕೊನೆಗೆ ಬಿಡಿಸಿ ಹಾಸಿದಾಗ ಗುಡಿಸಲಿನ ಮಾಡಾಗಿಯೂ ಬಾಳುತ್ತಿದ್ದಿತು. ಆದುದರಿಂದ ಸ್ಯಾಮ್ಯುಯಲ್ ತಗಡಿನ ಹಾಳೆಗಳನ್ನೇ ಪೂರ್ವದೇಶಗಳಿಗೆ ಕಳುಹಿಸಿ, ಅಲ್ಲಲ್ಲಿಯೇ ಡಬ್ಬಿಗಳನ್ನು ಮಾಡಿಸಿ, ಕೆಂಪು ಬಣ್ಣ ಬಳಿಸಿದನು. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯ ನೀಲಿ ಡಬ್ಬಿಗಳು ಅರ್ಧ ಭೂಮಂಡಲವನ್ನು ಸುತ್ತಿ ಬರುವಷ್ಟರಲ್ಲಿ ತಗ್ಗುಬಿದ್ದು ಮಾಸಿರುತ್ತಿದ್ದುದರಿಂದ, ಹೊಳೆಯುವ ಕೆಂಪು ಡಬ್ಬಿಯೇ ಕಣ್ಣಿಗೆ ಹಿಡಿಯಿತು. ಸ್ಯಾಮ್ಯುಯಲ್ ಕಟ್ಟಿದ ಶೆಲ್ ಕಂಪೆನಿ ಮುಂದೆ ರಾಯಲ್ ಡಚ್ ಸಂಸ್ಥೆಯೊಡನೆ ಕೂಡಿತು. ಅವುಗಳ ಮಾರಾಟದ ಅಂಗವಾದ ಏಷ್ಯಾಟಿಕ್ ಪೆಟ್ರೋಲಿಯಂ ಕಂಪೆನಿಯೊಡನೆ ಬರ್ಮಾ ಆಯಿಲ್ 1905ರಲ್ಲಿಯೇ ಭಾರತದ ಪೇಟೆಯನ್ನು ಕುರಿತು ಒಂದು ಒಡಂಬಡಿಕೆಗೆ ಬಂದಿದ್ದಿತು.

ಇಲ್ಲಿ ಒಂದು ಉಪಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ವಿಲಿಯಂ ನಾಕ್ಸ್ ಡಾರ್ಸಿ ಎಂಬಾತನು 1901ರಲ್ಲಿ ಪಡೆದಿದ್ದ ಪರ್ಷಿಯಾದ ತೈಲಾನ್ವೇಷಣೆಯ ಹಕ್ಕಿಗೆ ಅವನ ಹಣ ಕರಗುತ್ತ ಬಂದಾಗ ಬೆಂಬಲವಾಗಿ ನಿಂತುದು ಬರ್ಮಾ ಆಯಿಲ್ ಕಂಪೆನಿಯೇ. 1908ರ ಮೇ ತಿಂಗಳಲ್ಲಿ ಮಸ್ಜಿದ್ ಸುಲೇಮಾನಿನಲ್ಲಿ ಎಣ್ಣೆ ಚಿಮ್ಮಿತು. ಮರುವರ್ಷ ಬರ್ಮಾ ಆಯಿಲಿನ ಅಂಗಸಂಸ್ಥೆಯಾಗಿ ಹುಟ್ಟಿದ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪೆನಿ ಕಾಲಾನಂತರದಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಎಂದು ಜಗತ್ಪ್ರಸಿದ್ಧವಾಯಿತು. ಆ ಮಗು ಬೆಳೆದು, 2000ದಲ್ಲಿ ಹೆತ್ತ ಕಂಪೆನಿಯನ್ನೇ ಕೊಂಡು ತನ್ನಲ್ಲಿ ಅಡಗಿಸಿಕೊಂಡಿತು.

ಬರ್ಮಾ-ಶೆಲ್ಲಿನ ಜನನಕ್ಕೆ ನೇರ ಕಾರಣವಾದುದು ದರಸಮರ. ನ್ಯೂಯಾರ್ಕಿನ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿ ಸೋವಿಯತ್ ರಷ್ಯದಿಂದ ಸೀಮೆಎಣ್ಣೆಯನ್ನು ಕೊಂಡು ಭಾರತದಲ್ಲಿ ಮಾರತೊಡಗಿದಾಗ, ಕ್ರಾಂತಿಯಲ್ಲಿ ತನ್ನ ರಷ್ಯದ ಆಸ್ತಿಯನ್ನು ಕಳೆದುಕೊಂಡಿದ್ದ ರಾಯಲ್ ಡಚ್-ಶೆಲ್ ಸಂಸ್ಥೆಯ ಹೆನ್ರಿ ಡಿಟರ್ಡಿಂಗ್, ಅದನ್ನು ಕಳವಿನ ಮಾಲೆಂದು ಜರೆದು, 1927ರಲ್ಲಿ ಇಲ್ಲಿಯ ಬೆಲೆಯನ್ನು ಇಳಿಸಿಯೇ ಇಳಿಸಿದನು. ಭಾರತದ ಲಾಟೀನುಗಳ ಸುತ್ತ ಹೊತ್ತಿದ ಈ ಜಗಳ ಜಗತ್ತಿಗೆಲ್ಲ ಹರಡಿ, 1928ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಆಕ್ನಾಕ್ಯಾರಿ ಕೋಟೆಯಲ್ಲಿ ತೈಲಪ್ರಭುಗಳು ರಹಸ್ಯವಾಗಿ ಸೇರಿ ಸಂಧಿ ಮಾಡಿಕೊಳ್ಳುವವರೆಗೂ ಹೋಯಿತು. ಅದೇ ವರ್ಷ ಏಷ್ಯಾಟಿಕ್ ಪೆಟ್ರೋಲಿಯಮ್ಮಿನ ಭಾರತೀಯ ಶಾಖೆಯೂ ಬರ್ಮಾ ಆಯಿಲ್ ಕಂಪೆನಿಯೂ ತಮ್ಮ ದಾಸ್ತಾನು ಮತ್ತು ಮಾರಾಟದ ವ್ಯವಸ್ಥೆಗಳನ್ನು ಒಂದುಗೂಡಿಸಿ, ಬರ್ಮಾ-ಶೆಲ್ ಆಯಿಲ್ ಸ್ಟೋರೇಜ್ ಅಂಡ್ ಡಿಸ್ಟ್ರಿಬ್ಯೂಟಿಂಗ್ ಕಂಪೆನಿ ಆಫ್ ಇಂಡಿಯಾ ಎಂಬ ಉದ್ದನೆಯ ಹೆಸರಿನ ಸಂಸ್ಥೆಯನ್ನು ನಿರ್ಮಿಸಿದುವು. ಸಂಗ್ರಹಣೆ, ವಿತರಣೆ ಎರಡೇ ಅದರ ಹೆಸರಿನಲ್ಲಿದ್ದುವು; ಕೆಲಸವೂ ಅಷ್ಟೇ ಆಗಿದ್ದಿತು.

ಆರಂಭದಲ್ಲಿ ಸೀಮೆಎಣ್ಣೆಯೇ ಮುಖ್ಯ ಸರಕು. ಹೊಂಗೆ ಎಣ್ಣೆಯೂ ಹರಳೆಣ್ಣೆಯೂ ಉರಿಯುತ್ತಿದ್ದ ಮನೆಗಳಲ್ಲಿ ಬುಡ್ಡಿದೀಪವೂ ಲಾಟೀನೂ ತಳವೂರಿದುದು ಇಂತಹ ಕಂಪೆನಿಗಳ ಏಜೆಂಟರ ಕಾಲದಲ್ಲಿಯೇ. ಮೋಟಾರು ವಾಹನಗಳು ಹೆಚ್ಚಿದಂತೆ, ಡಬ್ಬಿಯಲ್ಲಿ ಸಿಗುತ್ತಿದ್ದ ಪೆಟ್ರೋಲು ರಸ್ತೆಬದಿಯ ಕೈಪಂಪಿಗೂ, ಅನಂತರ ಗಾಳಿ, ನೀರು, ಕೀಲೆಣ್ಣೆಗಳೆಲ್ಲ ಒಂದೆಡೆ ದೊರೆಯುವ ಬಂಕಿಗೂ ಬಂದಿತು. ವಿಮಾನಗಳಿಗೆ ಇಂಧನವನ್ನು ಒದಗಿಸುವ ಕೆಲಸವನ್ನೂ ಸಂಸ್ಥೆ ಮೊದಲಿನಲ್ಲಿಯೇ ಹಿಡಿಯಿತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಅಂಚೆಚೀಲಗಳೊಡನೆ ಕರಾಚಿಯಿಂದ ಮುಂಬಯಿಗೆ ಪುಟ್ಟ ಪಸ್ ಮಾತ್ ವಿಮಾನವನ್ನು ಒಬ್ಬರೇ ನಡೆಸಿದಾಗ, ನಡುವೆ ಅಹಮದಾಬಾದಿನಲ್ಲಿ ಇಳಿದ ವಿಮಾನಕ್ಕೆ ಬರ್ಮಾ-ಶೆಲ್ ಪೆಟ್ರೋಲಿನ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದುವು. ಮುಂಬಯಿಯಿಂದ ಆ ಅಂಚೆಯನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದನು. ಕನ್ನಡನಾಡಿನ ನೆಲಕ್ಕೆ ಟಾಟಾ ಅಂಚೆವಿಮಾನದ ನಂಟು ಆದುದು ಹೀಗೆ.

ಎರಡನೆಯ ಮಹಾಯುದ್ಧವು ಉದ್ಯಮದ ಬರ್ಮಾದ ಭಾಗವನ್ನು ಬೂದಿಮಾಡಿತು. 1942ರ ಮಾರ್ಚಿನಲ್ಲಿ ಜಪಾನೀ ಸೈನ್ಯ ರಂಗೂನನ್ನು ಸಮೀಪಿಸಿದಾಗ ಸಿರಿಯಮ್ ಶುದ್ಧೀಕರಣಾಗಾರವನ್ನೂ, ಏಪ್ರಿಲಿನಲ್ಲಿ ಯೆನಾಂಜಾಂಗಿನ ಬಾವಿಗಳನ್ನೂ ಶತ್ರುವಿಗೆ ದಕ್ಕಬಾರದೆಂದು ಬ್ರಿಟಿಷರೇ ಸರಕಾರದ ಆಜ್ಞೆಯಂತೆ ನಾಶಪಡಿಸಿದರು. ಈ ನಷ್ಟಕ್ಕಾಗಿ ಬರ್ಮಾ ಆಯಿಲ್ ಹೂಡಿದ ದಾವೆಯನ್ನು 1965ರಲ್ಲಿ ಬ್ರಿಟನ್ನಿನ ಪ್ರಭುಸಭೆಯ ನ್ಯಾಯಪೀಠ ಎತ್ತಿಹಿಡಿಯಿತು. ಅದರ ಬೆನ್ನಿಗೇ ಪಾರ್ಲಿಮೆಂಟು ಪೂರ್ವಾನ್ವಯವಾಗುವ ಕಾನೂನೊಂದನ್ನು ಮಾಡಿ ಪರಿಹಾರವನ್ನು ಇಲ್ಲವಾಗಿಸಿತು. ಕಾನೂನಿನ ವಿದ್ಯಾರ್ಥಿಗಳಿಗೆ ಈ ಮೊಕದ್ದಮೆ ಇಂದಿಗೂ ಪಾಠ.

ಸ್ವಾತಂತ್ರ್ಯಾನಂತರ ಆಮದು ಮಾಡಿದ ಸಿದ್ಧ ಎಣ್ಣೆಗೆ ವಿದೇಶೀ ವಿನಿಮಯವನ್ನು ಸುರಿಯಲು ಒಪ್ಪದ ಭಾರತ ಸರಕಾರ ದೇಶದಲ್ಲಿಯೇ ಶುದ್ಧೀಕರಣ ನಡೆಯಬೇಕೆಂದು ಒತ್ತಾಯಿಸಿತು. 1951ರಲ್ಲಿ ಇರಾನ್ ತನ್ನ ತೈಲವನ್ನು ರಾಷ್ಟ್ರೀಕರಿಸಿ, ಅಬಾದಾನಿನ ಮಹಾ ಶುದ್ಧೀಕರಣಾಗಾರ ಸ್ತಬ್ಧವಾದುದರಿಂದ ಅದುವರೆಗೆ ಹಿಂದೆಮುಂದೆ ನೋಡುತ್ತಿದ್ದ ಕಂಪೆನಿಗಳೂ ಒಪ್ಪಿದುವು. ಮಾಹುಲಿನಲ್ಲಿ 454 ಎಕರೆ ನೆಲದ ಮೇಲೆ, ವರ್ಷಕ್ಕೆ 22 ಲಕ್ಷ ಟನ್ ಕಚ್ಚಾ ತೈಲವನ್ನು ಶುದ್ಧಿಮಾಡಬಲ್ಲ ಸ್ಥಾವರ ಎದ್ದು, 1955ರ ಜನವರಿ 30ರಂದು ಕೆಲಸಕ್ಕೆ ತೊಡಗಿತು. ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಉಪರಾಷ್ಟ್ರಪತಿ ಸರ್ವಪಲ್ಲಿ ರಾಧಾಕೃಷ್ಣನ್ ಅವರು ಮಾರ್ಚ್ 17ರಂದು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಅಡುಗೆ ಅನಿಲವನ್ನು ಸಿಲಿಂಡರುಗಳಲ್ಲಿ ತುಂಬಿ ಬರ್ಶೇನ್ ಎಂಬ ಹೆಸರಿನಲ್ಲಿ ಮುಂಬಯಿಯ ಮನೆಗಳಿಗೆ ಕೊಡತೊಡಗಿದುದೂ ಈ ದಶಕದ ಮಧ್ಯದಲ್ಲಿಯೇ. ಸೌದೆಯ ಹೊಗೆಯಲ್ಲಿ ಕಣ್ಣೀರು ಸುರಿಸಿದ ಗೃಹಿಣಿಯರ ದೃಷ್ಟಿಯಿಂದ ನೋಡಿದರೆ, ಈ ಸಂಸ್ಥೆಯ ಎಲ್ಲ ಕೆಲಸಗಳಿಗಿಂತಲೂ ಇದಕ್ಕೇ ಅಗ್ರಸ್ಥಾನ ಸಲ್ಲಬೇಕು.

ಸರಕಾರದೊಡನೆ ಸಂಬಂಧ ಕೆಟ್ಟುದು ಬೆಲೆಯ ವಿಷಯದಲ್ಲಿ. 1960ರಲ್ಲಿ ಸೋವಿಯತ್ ಒಕ್ಕೂಟ ಅಗ್ಗದ ದರದಲ್ಲಿ ಕಚ್ಚಾ ತೈಲವನ್ನು ಕೊಡಲು ಮುಂದೆ ಬಂದಾಗ, ತೈಲಸಚಿವ ಕೆ. ಡಿ. ಮಾಳವೀಯ ಅವರ ಆಗ್ರಹಕ್ಕೆ ಮಣಿಯದೆ, ಬರ್ಮಾ-ಶೆಲ್ ಮೊದಲಾದ ವಿದೇಶೀ ಕಂಪೆನಿಗಳು ಅದನ್ನು ತಮ್ಮ ಸ್ಥಾವರಗಳಲ್ಲಿ ಶುದ್ಧಿಮಾಡಲು ನಿರಾಕರಿಸಿದುವು. ತಮ್ಮದೇ ಬಳಗದ ಕಚ್ಚಾ ತೈಲವನ್ನು ತಾವೇ ನಿಗದಿಮಾಡಿದ ಬೆಲೆಗೆ ತಾವೇ ಕೊಳ್ಳುವ ಈ ಏರ್ಪಾಡು ಬಹುಕಾಲ ನಡೆಯಲಾರದೆಂಬುದನ್ನು ಅವರು ಅಂದೇ ಗ್ರಹಿಸಬಹುದಾಗಿತ್ತು. ಸಾರ್ವಜನಿಕ ವಲಯದ ಇಂಡಿಯನ್ ಆಯಿಲ್ ಬೆಳೆಯುತ್ತ ಹೋಯಿತು. 1973ರ ತೈಲಬಿಕ್ಕಟ್ಟಿನ ಅನಂತರ, 1974ರಲ್ಲಿ ಎಸ್ಸೋ ಕಂಪೆನಿಯ ಭಾರತೀಯ ಉದ್ಯಮ ಸರಕಾರಕ್ಕೆ ಸೇರಿತು. ಅದೇ ವರ್ಷದ ಕೊನೆಗೆ ಟ್ಯಾಂಕರ್ ಹಡಗುಗಳ ವ್ಯವಹಾರದಲ್ಲಿ ಕೈಸುಟ್ಟುಕೊಂಡ ಬರ್ಮಾ ಆಯಿಲ್ ಸ್ವದೇಶದಲ್ಲಿಯೇ ಬ್ಯಾಂಕ್ ಆಫ್ ಇಂಗ್ಲೆಂಡಿನ ಆಶ್ರಯವನ್ನು ಬೇಡುವ ಸ್ಥಿತಿಗೆ ಬಂದಿದ್ದಿತು.

1976ರ ಜನವರಿ 24ರಂದು ಬರ್ಮಾ-ಶೆಲ್ಲಿನ ಭಾರತೀಯ ಉದ್ಯಮ ಸರಕಾರದ ವಶವಾಯಿತು. ಭಾರತ್ ರಿಫೈನರೀಸ್ ಎಂದು ಕೆಲಕಾಲ ಕರೆಯಲ್ಪಟ್ಟು, 1977ರ ಆಗಸ್ಟ್ 1ರಿಂದ ಭಾರತ್ ಪೆಟ್ರೋಲಿಯಂ ಕಾರ್ಪೊರೇಷನ್ ಆದ ಈ ಸಂಸ್ಥೆಗೆ, ಅದೇ ಸಮಯದಲ್ಲಿ ಬಾಂಬೆ ಹೈ ಸಮುದ್ರತಳದಿಂದ ಹೊರಬರತೊಡಗಿದ ಸ್ವದೇಶೀ ತೈಲ ದೊರೆತುದು ಭಾಗ್ಯವೆನ್ನಬೇಕು. ಮುಂದೆ ಕೊಚ್ಚಿಯ ಶುದ್ಧೀಕರಣಾಗಾರ 2006ರಲ್ಲಿ ಇದರಲ್ಲಿ ವಿಲೀನವಾಯಿತು. ಮಧ್ಯಪ್ರದೇಶದ ಬೀನಾದಲ್ಲಿ ಒಮಾನ್ ದೇಶದ ಸಹಯೋಗದಿಂದ ಇನ್ನೊಂದು ಎದ್ದಿತು.

ಖಾಸಗೀಕರಣದ ಪ್ರಶ್ನೆ ಮಾತ್ರ ಬಿಡದೆ ಬೆನ್ನುಹತ್ತಿತು. ಸಂಸತ್ತಿನ ಕಾಯಿದೆಯಿಂದ ವಶಪಡಿಸಿಕೊಂಡುದನ್ನು ಸಂಸತ್ತಿನ ಅನುಮತಿಯಿಲ್ಲದೆ ಮಾರಕೂಡದೆಂದು 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2016ರಲ್ಲಿ ಹಳೆಯ ರಾಷ್ಟ್ರೀಕರಣದ ಕಾಯಿದೆಯೇ ರದ್ದಾದ ಮೇಲೆ ಆ ತಡೆ ಉಳಿಯಲಿಲ್ಲ. 2020ರಲ್ಲಿ ಸರಕಾರ ತನ್ನ ಪಾಲನ್ನು ಕೊಳ್ಳಬಯಸುವವರನ್ನು ಆಹ್ವಾನಿಸಿತು. ಮುಂದೆ ಬಂದವರಲ್ಲಿ ಹೆಚ್ಚಿನವರು ಹಿಂದೆಗೆದುದರಿಂದ 2022ರ ಮೇ ತಿಂಗಳಲ್ಲಿ ಮಾರಾಟದ ಪ್ರಸ್ತಾಪವನ್ನು ಹಿಂತೆಗೆದುಕೊಳ್ಳಲಾಯಿತು.