ಗುಂಡಿ ಒತ್ತುವ ಮೊದಲು ಕಿವಿಗೊಡಬೇಕು

ಜಾತ್ರೆಯಿರಲಿ, ರಥೋತ್ಸವವಿರಲಿ, ಮಂತ್ರಿಗಳ ಸಭೆಯಿರಲಿ, ಬಂದೋಬಸ್ತಿಗೆ ನಿಂತ ಪೊಲೀಸರ ಕೈಯಲ್ಲಿ ವಾಕಿಟಾಕಿ ಇದ್ದೇ ಇರುತ್ತದೆ. ಕರಕರ ಸದ್ದಿನ ನಡುವೆ ಹೊರಬೀಳುವ ತುಂಡು ತುಂಡು ಮಾತು, ಮಾತಿನ ಕೊನೆಗೊಂದು ‘ಓವರ್’, ಹೇಳಿದ್ದನ್ನೇ ಮತ್ತೆ ಹೇಳುವ ಪದ್ಧತಿ ಇವೆಲ್ಲ ಪಕ್ಕದಲ್ಲಿ ನಿಂತವರಿಗೆ ವಿಚಿತ್ರವಾಗಿ ಕೇಳಿಸುತ್ತವೆ. ಇಷ್ಟು ಕಟ್ಟುಪಾಡು ಏಕೆ, ಫೋನಿನಲ್ಲಿ ಮಾತಾಡಿದಂತೆ ಆಡಬಾರದೇ ಎಂದು ಕೇಳುವವರೂ ಉಂಟು. ಆದರೆ ಈ ಕಟ್ಟುಪಾಡುಗಳನ್ನು ಯಾರೋ ಅಧಿಕಾರಿ ಕುರ್ಚಿಯಲ್ಲಿ ಕುಳಿತು ಬರೆದದ್ದಲ್ಲ. ಒಂದೊಂದರ ಹಿಂದೆಯೂ ಯಂತ್ರದ ಒಂದು ಮಿತಿಯಿದೆ. ಕೆಲವುದರ ಹಿಂದೆ ಪ್ರಾಣಹಾನಿಯೂ ಇದೆ.

ಫೋನಿಗೂ ದ್ವಿಮುಖ ರೇಡಿಯೊಕ್ಕೂ ಇರುವ ಮೂಲ ವ್ಯತ್ಯಾಸ ಒಂದೇ. ಫೋನಿನಲ್ಲಿ ಇಬ್ಬರೂ ಏಕಕಾಲಕ್ಕೆ ಮಾತಾಡಬಹುದು, ಕೇಳಬಹುದು. ವಾಕಿಟಾಕಿಯಲ್ಲಿ ಹಾಗಲ್ಲ. ಗುಂಡಿ ಒತ್ತಿದರೆ ಅದು ಬರಿಯ ಬಾಯಿ, ಬಿಟ್ಟರೆ ಬರಿಯ ಕಿವಿ. ಜೊತೆಗೆ ಒಂದೇ ಚಾನೆಲ್ಲನ್ನು ಹತ್ತಾರು ಮಂದಿ ಹಂಚಿಕೊಂಡಿರುತ್ತಾರೆ. ಒಬ್ಬ ಗುಂಡಿ ಒತ್ತಿ ಹಿಡಿದನೆಂದರೆ ಅಷ್ಟು ಹೊತ್ತು ಸುತ್ತಮುತ್ತಲಿನ ಎಲ್ಲರ ದಾರಿಯನ್ನೂ ಅಡ್ಡಗಟ್ಟಿದಂತೆ. ಕೈ ರೇಡಿಯೊದ ಎಂಟು ದಶಕಗಳ ಇತಿಹಾಸವೆಂದರೆ, ಒಂದೇ ಕಿರುದಾರಿಯಲ್ಲಿ ಎಲ್ಲರೂ ಹೇಗೆ ಸರತಿಯಲ್ಲಿ ನಡೆಯಬೇಕೆಂದು ಜನ ಕಲಿತ ಕಥೆ.

ಕೈಯಲ್ಲಿ ಹಿಡಿದು ತಿರುಗಬಹುದಾದ ರೇಡಿಯೊ ಒಬ್ಬನೇ ಕಂಡುಹಿಡಿದದ್ದಲ್ಲ. ಕೆನಡಾದಲ್ಲಿ ಡೊನಾಲ್ಡ್ ಹಿಂಗ್ಸ್ 1937ರ ಸುಮಾರಿಗೆ, ಕಾಡುಮೇಡಿನ ಗಣಿ ಪ್ರದೇಶಗಳಿಗೆ ಹಾರುತ್ತಿದ್ದ ಪೈಲಟ್‌ಗಳಿಗಾಗಿ ಹೊತ್ತೊಯ್ಯಬಲ್ಲ ಸೆಟ್ ತಯಾರಿಸಿದರು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಬೆಳೆದ ಆಲ್ ಗ್ರಾಸ್ ಎಂಬ ತರುಣ 1938ರಲ್ಲಿ ತನ್ನದೇ ಮಾದರಿಯೊಂದನ್ನು ಕಟ್ಟಿದ. ಎರಡನೆಯ ಮಹಾಯುದ್ಧ ಇವಕ್ಕೆ ಒಮ್ಮೆಲೇ ಬೇಡಿಕೆ ತಂದಿತು. ಮುಂದೆ ಮೊಟೊರೊಲಾ ಎಂದು ಹೆಸರಾದ ಕಂಪನಿ ತಯಾರಿಸಿದ, ಸುಮಾರು 5 ಪೌಂಡ್ ತೂಕದ ಕೈ ಸೆಟ್ಟಿಗೆ ‘ಹ್ಯಾಂಡಿ ಟಾಕಿ’ ಎಂದೂ, ಬೆನ್ನಿಗೆ ಕಟ್ಟಿಕೊಳ್ಳುವ ದೊಡ್ಡ ಸೆಟ್ಟಿಗೆ ‘ವಾಕಿ ಟಾಕಿ’ ಎಂದೂ ಹೆಸರಾಯಿತು. ಇಂದು ನಾವು ವಾಕಿಟಾಕಿ ಎನ್ನುವುದು ವಾಸ್ತವವಾಗಿ ಆ ಮೊದಲನೆಯದರ ಸಂತತಿ.

ಯುದ್ಧದ ಕೊನೆಯ ದಿನಗಳಲ್ಲಿ ಗ್ರಾಸ್ ಸೇರಿದಂತೆ ಕೆಲವರು ರೂಪಿಸಿದ ‘ಜೋನ್–ಎಲಿನಾರ್’ ಎಂಬ ಗುಪ್ತ ವ್ಯವಸ್ಥೆ ಇಂತಹ ರೇಡಿಯೊದ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಶತ್ರುನೆಲದಲ್ಲಿದ್ದ ಗೂಢಚಾರ ಪುಟ್ಟ ಸೆಟ್ ಹಿಡಿದು, ಬಹು ಎತ್ತರದಲ್ಲಿ ಸುತ್ತುತ್ತಿದ್ದ ವಿಮಾನದೊಡನೆ ಮಾತಾಡುತ್ತಿದ್ದ. ಅದರ ಅಲೆಗಳು ನೇರ ದೃಷ್ಟಿಯ ಹಾದಿಯಲ್ಲಿ ಮಾತ್ರ ಸಾಗುವಂಥವು. ಆದ್ದರಿಂದ ವಿಮಾನಕ್ಕೆ ದನಿ ಸ್ಪಷ್ಟವಾಗಿ ಕೇಳುತ್ತಿತ್ತು, ನೆಲದ ಮೇಲೆ ಹೊಂಚುಹಾಕುವವರಿಗೆ ಅದನ್ನು ಹಿಡಿಯುವುದು ಬಲು ಕಷ್ಟವಾಗುತ್ತಿತ್ತು. ಎತ್ತರದಲ್ಲಿರುವವನಿಗೆ ಕೇಳುತ್ತದೆ, ಗುಡ್ಡದ ಮರೆಯಲ್ಲಿರುವವನಿಗೆ ಕೇಳುವುದಿಲ್ಲ. ಇಂದಿಗೂ ವಾಕಿಟಾಕಿ ಹಿಡಿದವರು ಮೊದಲು ತಿಳಿಯಬೇಕಾದ ಪಾಠ ಇದೇ.

ಯುದ್ಧ ಮುಗಿಯುತ್ತಿದ್ದ 1945ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಜನಸಾಮಾನ್ಯರಿಗಾಗಿಯೇ ‘ನಾಗರಿಕರ ರೇಡಿಯೊ ಸೇವೆ’ಯನ್ನು ರೂಪಿಸಿತು. ‘ಸಿಟಿಜನ್ಸ್ ಬ್ಯಾಂಡ್’, ಅಂದರೆ ಸಿಬಿ ಎಂಬ ಹೆಸರಿನ ಮೂಲ ಇದು. ರೇಡಿಯೊ ಹವ್ಯಾಸಿಗಳಂತೆ ಪರೀಕ್ಷೆ ಬರೆಯಬೇಕಿಲ್ಲ, ಮೋರ್ಸ್ ಸಂಕೇತ ಕಲಿಯಬೇಕಿಲ್ಲ. ಆಲ್ ಗ್ರಾಸ್ ಕಂಪನಿಯ ಸೆಟ್ಟಿಗೆ 1948ರಲ್ಲಿ ಆಯೋಗದ ಮೊದಲ ಮಂಜೂರಾತಿ ದೊರೆಯಿತು. ಕೊಂಡವರಲ್ಲಿ ಹೆಚ್ಚಿನವರು ರೈತರು ಮತ್ತು ಕರಾವಳಿ ಕಾವಲು ಪಡೆಯವರು. ಆಗಿನ ಕಂಪನಾಂಕ ತೀರ ಹೆಚ್ಚಿನದಾಗಿದ್ದು, ಅದಕ್ಕೆ ತಕ್ಕ ಉಪಕರಣ ದುಬಾರಿಯಾಗಿತ್ತು. 1958ರಲ್ಲಿ ಆಯೋಗ 27 ಮೆಗಾಹರ್ಟ್ಸ್ ಆಸುಪಾಸಿನ 23 ಚಾನೆಲ್‌ಗಳನ್ನು ತೆರೆದಾಗಲೇ ಸಿಬಿ ನಿಜವಾಗಿ ಜನರ ಕೈಗೆ ಬಂದದ್ದು. ಟ್ರಾನ್ಸಿಸ್ಟರ್ ಬಂದ ಮೇಲಂತೂ ಸೆಟ್ಟು ಸಣ್ಣದೂ ಅಗ್ಗವೂ ಆಯಿತು.

ಆದರೆ 27 ಮೆಗಾಹರ್ಟ್ಸ್‌ಗೆ ತನ್ನದೇ ಗುಣದೋಷಗಳಿವೆ. ಈ ಅಲೆಯ ಉದ್ದ ಸುಮಾರು 11 ಮೀಟರ್. ಆಂಟೆನಾ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಕಾಲು ಭಾಗ, ಅಂದರೆ ಎರಡೂಮುಕ್ಕಾಲು ಮೀಟರಿನಷ್ಟು ಉದ್ದವಿರಬೇಕು. ಲಾರಿಯ ಮೇಲೆ ಅಷ್ಟುದ್ದದ ಸರಳು ನಿಲ್ಲಿಸಬಹುದು, ಕೈಯಲ್ಲಿ ಹಿಡಿಯಲಾಗದು. ಆದ್ದರಿಂದ ಕೈ ಸೆಟ್ಟಿನಲ್ಲಿ ತಂತಿಯನ್ನು ಸುರುಳಿ ಸುತ್ತಿ ಗಿಡ್ಡ ಆಂಟೆನಾ ಮಾಡುತ್ತಾರೆ. ದೂರ ಅಲ್ಲಿಯೇ ನಷ್ಟವಾಗುತ್ತದೆ. ಕಟ್ಟಡಗಳ ನಡುವೆ ಒಂದೆರಡು ಕಿಲೋಮೀಟರಿಗೇ ದನಿ ಸೊರಗಬಹುದು. ಇದಕ್ಕೆ ಮದ್ದು ಹೆಚ್ಚು ಶಕ್ತಿಯಲ್ಲ. ಶಕ್ತಿಯನ್ನು ದುಪ್ಪಟ್ಟು ಮಾಡಿದರೂ ಕಿವಿಗೆ ದೊಡ್ಡ ವ್ಯತ್ಯಾಸ ತಿಳಿಯದು. ಹತ್ತು ಹೆಜ್ಜೆ ದಿಣ್ಣೆ ಹತ್ತುವುದು, ಕಬ್ಬಿಣದ ಚಪ್ಪರದಿಂದ ಹೊರಬರುವುದು, ಆಂಟೆನಾವನ್ನು ಪೂರ್ತಿ ಎಳೆದು ನೆಟ್ಟಗೆ ಹಿಡಿಯುವುದು, ಇವೇ ಹೆಚ್ಚು ಫಲ ಕೊಡುತ್ತವೆ.

ಮಾತಿನ ಪದ್ಧತಿಗಳ ವಿಷಯಕ್ಕೆ ಬಂದರೆ, ಅಮೆರಿಕದ ಲಾರಿ ಚಾಲಕರಿಂದ ಲೋಕಪ್ರಸಿದ್ಧವಾದ ‘ಟೆನ್ ಫೋರ್’ ಎಂಬ ಉತ್ತರದ ಹುಟ್ಟು ಸ್ವಾರಸ್ಯಕರವಾಗಿದೆ. ‘ಸರಿ, ತಿಳಿಯಿತು’ ಎಂಬುದು ಅದರ ಅರ್ಥ. ಫೋರ್ ಎಂದಿದ್ದರೆ ಸಾಲದಿತ್ತೇ, ಟೆನ್ ಏಕೆ? 1937ರ ಸುಮಾರಿಗೆ ಇಲಿನಾಯ್ ರಾಜ್ಯದ ಪೊಲೀಸ್ ಇಲಾಖೆಯಲ್ಲಿ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಹಾಪರ್ ಈ ಸಂಕೇತಗಳನ್ನು ರೂಪಿಸಿದರು. ಅಂದಿನ ವಾಲ್ವ್ ರೇಡಿಯೊಗಳಲ್ಲಿ ಗುಂಡಿ ಒತ್ತಿದ ತಕ್ಷಣ ಪ್ರಸಾರ ಆರಂಭವಾಗುತ್ತಿರಲಿಲ್ಲ. ಒಳಗಿನ ವಿದ್ಯುತ್ ಯಂತ್ರ ವೇಗ ಪಡೆಯಲು ಕ್ಷಣಕಾಲ ಬೇಕಿತ್ತು. ಅಷ್ಟರಲ್ಲಿ ಆಡಿದ ಮೊದಲ ಅಕ್ಷರ ಕಳೆದುಹೋಗುತ್ತಿತ್ತು. ಆದ್ದರಿಂದ ಕಳೆದುಹೋದರೂ ನಷ್ಟವಿಲ್ಲದ ‘ಟೆನ್’ ಎಂಬ ಪದವನ್ನು ಮುಂದಿಟ್ಟರು. ಇಂದಿನ ಸೆಟ್ಟುಗಳಲ್ಲಿ ಆ ಯಂತ್ರವಿಲ್ಲ. ಆದರೂ ಗುಂಡಿ ಒತ್ತುತ್ತಲೇ ಬಾಯಿ ತೆರೆದವರ ಮೊದಲ ಪದ ಈಗಲೂ ತುಂಡಾಗುವುದುಂಟು. ‘ಬೇಡ ಬನ್ನಿ’ ಎಂಬ ಮಾತಿನಲ್ಲಿ ‘ಬೇಡ’ ಕಳೆದುಹೋದರೆ ಆಗುವ ಅನರ್ಥ ಊಹಿಸಬಹುದು. ಒತ್ತಬೇಕು, ಒಂದು ಕ್ಷಣ ತಡೆಯಬೇಕು, ಆಮೇಲೆ ಮಾತಾಡಬೇಕು.

ಸಿಬಿಗೆ ಮಾನ ತಂದುಕೊಟ್ಟವರು ಮಾತಾಡಿದವರಿಗಿಂತ ಹೆಚ್ಚಾಗಿ ಕೇಳುತ್ತ ಕುಳಿತವರು. 1962ರಲ್ಲಿ ಅಮೆರಿಕದಲ್ಲಿ ‘ರಿಯಾಕ್ಟ್’ ಎಂಬ ಸ್ವಯಂಸೇವಾ ಸಂಘಟನೆ ಹುಟ್ಟಿತು. ಅದರ ಸದಸ್ಯರು ಸರತಿಯಂತೆ ಒಂದೇ ಚಾನೆಲ್ಲಿಗೆ ಕಿವಿಗೊಟ್ಟು ಕುಳಿತು, ಹೆದ್ದಾರಿಯಲ್ಲಿ ಅಪಘಾತವಾದವರ, ವಾಹನ ಕೆಟ್ಟು ನಿಂತವರ ಕರೆ ಬಂದೊಡನೆ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. 1970ರಲ್ಲಿ ಆಯೋಗ 9ನೆಯ ಚಾನೆಲ್ಲನ್ನು ತುರ್ತು ಕರೆಗಳಿಗೆ ಮೀಸಲಿಟ್ಟಿತು. ಹರಟೆಗೆ 22 ಚಾನೆಲ್ ಇರಲಿ, ಒಂದು ಮಾತ್ರ ಖಾಲಿ ಇರಲಿ ಎಂಬ ಈ ಏರ್ಪಾಡಿಗೆ ಬೆಲೆ ಬಂದದ್ದು ಅದರ ಮೌನದಿಂದ.

1973ರ ತೈಲ ಬಿಕ್ಕಟ್ಟು ಎಲ್ಲವನ್ನೂ ಬದಲಿಸಿತು. ಅಮೆರಿಕದ ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿ ಬಂತು, ಡೀಸೆಲ್ ದುರ್ಲಭವಾಯಿತು. ಎಲ್ಲಿ ಇಂಧನ ಸಿಗುತ್ತದೆ, ಎಲ್ಲಿ ಪೊಲೀಸರು ಕಾದಿದ್ದಾರೆ ಎಂದು ಲಾರಿ ಚಾಲಕರು ಸಿಬಿಯಲ್ಲಿ ಪರಸ್ಪರ ತಿಳಿಸತೊಡಗಿದರು. 19ನೆಯ ಚಾನೆಲ್ ಅವರ ಹರಟೆಕಟ್ಟೆಯಾಯಿತು. ನಿಜನಾಮದ ಬದಲು ಅಡ್ಡಹೆಸರು ಇಟ್ಟುಕೊಳ್ಳುವ ಗೀಳು ದೇಶಕ್ಕೇ ಹಬ್ಬಿತು. ಅಧ್ಯಕ್ಷ ಫೋರ್ಡ್ ಅವರ ಪತ್ನಿ ಬೆಟ್ಟಿ ಫೋರ್ಡ್ ಕೂಡ 1976ರಲ್ಲಿ ‘ಫಸ್ಟ್ ಮಾಮಾ’ ಎಂಬ ಹೆಸರಿನಲ್ಲಿ ಸಿಬಿಯಲ್ಲಿ ಮಾತಾಡಿದರು. ಲಕ್ಷಗಟ್ಟಲೆ ಪರವಾನಗಿ ಅರ್ಜಿಗಳು ಬಂದು ಬಿದ್ದವು. 1977ರ ಜನವರಿಯಿಂದ ಚಾನೆಲ್‌ಗಳನ್ನು 40ಕ್ಕೆ ಏರಿಸಲಾಯಿತು. ಕೊನೆಗೆ 1983ರಲ್ಲಿ ವೈಯಕ್ತಿಕ ಪರವಾನಗಿಯ ಪದ್ಧತಿಯನ್ನೇ ಕೈಬಿಡಲಾಯಿತು.

ಜನ ಹೆಚ್ಚಿದಂತೆ ಸರತಿ ಮರೆತುಹೋಯಿತು. ಕಾಯ್ದೆ ಅನುಮತಿಸಿದ್ದು 4 ವಾಟ್. ಗದ್ದಲದಲ್ಲಿ ತನ್ನ ದನಿಯೇ ಮೇಲಾಗಲೆಂದು ಹಲವರು ಕಳ್ಳತನದಿಂದ ಶಕ್ತಿವರ್ಧಕ ಜೋಡಿಸಿ ನೂರಾರು ವಾಟ್‌ಗಳಲ್ಲಿ ಅಬ್ಬರಿಸಿದರು. ಅದರಿಂದ ಇತರರ ಮಾತು ಮುಚ್ಚಿಹೋಯಿತೇ ಹೊರತು ಇವರ ಕಿವಿ ಹೆಚ್ಚು ದೂರಕ್ಕೆ ಕೇಳಲಿಲ್ಲ. ಮನೆಯ ಮೇಲೆ ಎತ್ತರದ ಆಂಟೆನಾ ಏರಿಸುವ ಪೈಪೋಟಿಯಲ್ಲಿ ಕಂಬ ವಿದ್ಯುತ್ ತಂತಿಗೆ ತಗುಲಿ ಸತ್ತವರೂ ಉಂಟು. ಅಂತಹ ಆಂಟೆನಾಗಳ ಮೇಲೆ ಎಚ್ಚರಿಕೆಯ ಚೀಟಿ ಇರಲೇಬೇಕೆಂಬ ನಿಯಮ ಅಲ್ಲಿ 1978ರಲ್ಲಿ ಜಾರಿಗೆ ಬಂತು.

ಇಬ್ಬರು ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಏನಾಗಬಹುದು ಎಂಬುದನ್ನು ಜಗತ್ತು ಕಂಡದ್ದು 1977ರ ಮಾರ್ಚ್ 27ರಂದು. ಅದು ಸಿಬಿ ಅಲ್ಲ, ವಿಮಾನಗಳ ರೇಡಿಯೊ. ಆದರೆ ಎರಡರ ಪ್ರಸಾರ ವಿಧಾನವೂ ಒಂದೇ. ಈ ವಿಧಾನದಲ್ಲಿ ಎರಡು ಪ್ರಸಾರಗಳು ಢಿಕ್ಕಿ ಹೊಡೆದರೆ, ಅವುಗಳ ಕಂಪನಾಂಕದ ಸಣ್ಣ ಅಂತರವೇ ಕರ್ಕಶ ಸೀಟಿಯಾಗಿ ಕೇಳುತ್ತದೆ. ಸ್ಪೇನ್ ದೇಶದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣಕ್ಕೆ ಅಂದು ದಟ್ಟ ಮಂಜು ಕವಿದಿತ್ತು. ಕೆಎಲ್‌ಎಂ ಸಂಸ್ಥೆಯ ಜಂಬೋ ವಿಮಾನ ಅನುಮತಿ ದೊರೆಯುವ ಮೊದಲೇ ಓಡತೊಡಗಿತ್ತು. ಅದೇ ಓಡುದಾರಿಯಲ್ಲಿ ಪ್ಯಾನ್ ಆ್ಯಮ್ ಸಂಸ್ಥೆಯ ಇನ್ನೊಂದು ಜಂಬೋ ಇತ್ತು. ಕಾಯಿರಿ, ನಾನೇ ಕರೆಯುತ್ತೇನೆ ಎಂದು ನಿಯಂತ್ರಣ ಗೋಪುರ ಹೇಳಿತು. ಅದೇ ಕ್ಷಣಕ್ಕೆ, ನಾವಿನ್ನೂ ಓಡುದಾರಿಯಲ್ಲೇ ಇದ್ದೇವೆ ಎಂದು ಪ್ಯಾನ್ ಆ್ಯಮ್ ಚಾಲಕರು ಕೂಗಿದರು. ಎರಡರಲ್ಲಿ ಯಾವ ಮಾತು ಸ್ಪಷ್ಟವಾಗಿ ಕೇಳಿದ್ದರೂ ಎಚ್ಚರಿಕೆಯಾಗಬಹುದಿತ್ತು. ಕೆಎಲ್‌ಎಂ ವಿಮಾನದೊಳಗೆ ಕೇಳಿದ್ದು ‘ಓಕೆ’ ಎಂಬ ಒಂದು ಪದ, ಆಮೇಲೆ ಸುಮಾರು 4 ಸೆಕೆಂಡುಗಳ ಸೀಟಿ. ವಿಮಾನಗಳು ಢಿಕ್ಕಿಯಾಗಿ 583 ಮಂದಿ ಸತ್ತರು. ವಾಯುಯಾನದ ಇತಿಹಾಸದಲ್ಲಿ ಅಪಘಾತವೊಂದರಲ್ಲಿ ಇಷ್ಟು ಮಂದಿ ಸತ್ತದ್ದು ಬೇರೆ ಇಲ್ಲ.

ಅದಕ್ಕೆ ಮಂಜು, ಆತುರ, ಅಸ್ಪಷ್ಟ ಮಾತು ಹೀಗೆ ಕಾರಣಗಳು ಹಲವಾರಿದ್ದವು. ಆದರೆ ಆಮೇಲೆ ಬಿಗಿಗೊಂಡ ನಿಯಮಗಳು ಗಮನಿಸುವಂತಿವೆ. ‘ಟೇಕ್ ಆಫ್’ ಎಂಬ ಪದವನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು. ಸೂಚನೆ ಕೇಳಿದವನು ಬರಿಯ ‘ಸರಿ’ ಎನ್ನದೆ ಕೇಳಿದ ಮುಖ್ಯಾಂಶವನ್ನು ತಿರುಗಿ ಹೇಳಬೇಕು. ಬಂದೋಬಸ್ತಿನ ಪೊಲೀಸರು ಹೇಳಿದ್ದನ್ನೇ ಮತ್ತೆ ಹೇಳುವುದರ ಹಿಂದಿನ ತರ್ಕವೂ ಇದೇ. ಸಂಕೇತಗಳ ವಿಷಯದಲ್ಲೂ ಅಭಿಪ್ರಾಯ ಬದಲಾಗಿದೆ. ಒಂದು ಇಲಾಖೆಯ ‘ಟೆನ್’ ಸಂಕೇತಕ್ಕೆ ಇನ್ನೊಂದು ಇಲಾಖೆಯಲ್ಲಿ ಬೇರೆ ಅರ್ಥವಿದ್ದು ಗೊಂದಲವಾದ್ದರಿಂದ, ಹಲವು ಇಲಾಖೆಗಳು ಒಟ್ಟಾಗಿ ದುಡಿಯುವ ವಿಪತ್ತುಗಳಲ್ಲಿ ಸರಳ ಭಾಷೆಯೇ ಇರಲಿ ಎಂದು ಅಮೆರಿಕದ ಸರ್ಕಾರ 2006ರ ಹೊತ್ತಿಗೆ ಕಟ್ಟುನಿಟ್ಟು ಮಾಡಿತು.

ಭಾರತದಲ್ಲಿ ಈ ಉಪಕರಣ ಬಹುಕಾಲ ಜನಸಾಮಾನ್ಯರಿಗೆ ಎಟುಕಲಿಲ್ಲ. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಸೆಟ್ಟನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. 2005ರಲ್ಲಿ ಕೇಂದ್ರ ಸರ್ಕಾರ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಟಿಜನ್ಸ್ ಬ್ಯಾಂಡಿಗೆ ವಿನಾಯಿತಿ ನೀಡಿತು. ಶಕ್ತಿ 5 ವಾಟ್ ಮೀರಬಾರದು, ಆಂಟೆನಾ ಸೆಟ್ಟಿನಲ್ಲಿಯೇ ಇರಬೇಕು ಎಂಬುದು ಷರತ್ತು. 2018ರ ನಿಯಮಗಳು 446ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಡಿಮೆ ಶಕ್ತಿಯ ಸೆಟ್ಟುಗಳಿಗೂ ಅಂಥದೇ ಅವಕಾಶ ಕೊಟ್ಟವು. ಇದರ ಹೊರಗಿನದಕ್ಕೆಲ್ಲ ಪರವಾನಗಿ ಬೇಕು. ಆನ್‌ಲೈನ್ ಮಳಿಗೆಗಳಲ್ಲಿ ಇದಾವುದನ್ನೂ ತಿಳಿಸದೆ ವಾಕಿಟಾಕಿ ಮಾರುವುದು ಹೆಚ್ಚಿದಾಗ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. ಕೊಳ್ಳುವವರು ಕಂಪನಾಂಕವನ್ನೂ ಸರ್ಕಾರದ ಅನುಮೋದನೆಯನ್ನೂ ಮೊದಲೇ ನೋಡಿಕೊಳ್ಳುವುದು ಕ್ಷೇಮ. ಪೊಲೀಸರ, ಅಗ್ನಿಶಾಮಕರ ಚಾನೆಲ್ಲಿಗೆ ಅಡ್ಡಬರುವ ಸೆಟ್ಟು ಆಟಿಕೆಯಲ್ಲ.

ಮೊಬೈಲ್ ಸಿಗ್ನಲ್ ಇಲ್ಲದ ಪಶ್ಚಿಮ ಘಟ್ಟದ ಕಣಿವೆಗೆ ಚಾರಣ ಹೋಗುವವರಿಗೆ, ದೊಡ್ಡ ತೋಟಗಳಲ್ಲಿ ದುಡಿಯುವವರಿಗೆ ಇದು ಇಂದಿಗೂ ಉಪಕಾರಿ. ಅದನ್ನು ಬಳಸುವ ರೀತಿ ಮೇಲಿನ ಇತಿಹಾಸದಿಂದಲೇ ತಿಳಿಯುತ್ತದೆ. ಮೊದಲು ಚಾನೆಲ್ ಖಾಲಿಯಿದೆಯೇ ಎಂದು ಕೇಳಬೇಕು. ಯಾರನ್ನು ಕರೆಯುತ್ತೇವೋ ಅವರ ಹೆಸರು ಮೊದಲು, ತಮ್ಮ ಹೆಸರು ನಂತರ. ಸೆಟ್ಟನ್ನು ಬಾಯಿಗೆ ತಾಗಿಸದೆ ನಾಲ್ಕು ಬೆರಳು ದೂರ ಹಿಡಿದು, ಕಿರುಚದೆ ಮಾತಾಡಬೇಕು. ಅಪಾಯದಲ್ಲಿದ್ದಾಗ ಎಲ್ಲಿದ್ದೇವೆ ಎಂಬುದನ್ನು ಮೊದಲು ಹೇಳಬೇಕು. ಬ್ಯಾಟರಿ ಮುಗಿದರೂ ಹುಡುಕುವವರಿಗೆ ದಿಕ್ಕು ತಿಳಿದಿರುತ್ತದೆ. ಎಲ್ಲರಿಗೂ ಕೇಳುವ ಚಾನೆಲ್ಲಿನಲ್ಲಿ ಗುಟ್ಟು ಆಡಬಾರದು. ಗುಡುಗು ಸಿಡಿಲಿನ ಹೊತ್ತು ಬಯಲು ದಿಣ್ಣೆಯ ಮೇಲೆ ನಿಲ್ಲಬಾರದು. ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಹೂಡಿರುವಾಗ ಸೆಟ್ಟಿನ ಗುಂಡಿ ಮುಟ್ಟಬಾರದು. ವಿದ್ಯುತ್ತಿನಿಂದ ಸಿಡಿಸುವ ಮದ್ದಿನ ತಂತಿಗಳೇ ಆಂಟೆನಾದಂತೆ ವರ್ತಿಸಿ ಅವೇಳೆಯಲ್ಲಿ ಸಿಡಿಯುವ ಭಯವಿದೆ.

ಮತ್ತೊಂದು ಎಚ್ಚರಿಕೆ ತೀರ ಸಣ್ಣದು, ಆದರೆ ಮರೆಯುವಂತಿಲ್ಲ. ಚೀಲದಲ್ಲಿಟ್ಟ ಸೆಟ್ಟಿನ ಗುಂಡಿ ಯಾವುದೋ ಡಬ್ಬಿಗೆ ಒತ್ತಿಕೊಂಡು, ಗಂಟೆಗಟ್ಟಲೆ ಚಾನೆಲ್ಲನ್ನೇ ಮುಚ್ಚಿಬಿಡುವುದುಂಟು. ಹಾಗೆ ಮುಚ್ಚಿದವನಿಗೆ ಅದು ತಿಳಿಯುವುದೂ ಇಲ್ಲ. ಗುಂಡಿ ಒತ್ತಿರುವಷ್ಟು ಹೊತ್ತು ಅವನ ಸೆಟ್ಟಿಗೆ ಕಿವಿಯಿಲ್ಲ. ಅದೇ ಹೊತ್ತಿನಲ್ಲಿ ಯಾರಾದರೂ ಸಹಾಯಕ್ಕೆ ಕರೆಯುತ್ತಿದ್ದರೆ ಆ ಕರೆ ಯಾರನ್ನೂ ಮುಟ್ಟದು.