ಒರೆಗನ್ನಿನ ಐವತ್ತೆಂಟು ಮತಗಳು

1973ರ ಮೇ 29ರಂದು ಅಮೆರಿಕದ ಪಶ್ಚಿಮ ಕರಾವಳಿಯ ಒರೆಗನ್ ರಾಜ್ಯದಲ್ಲಿ ಗವರ್ನರ್ ಟಾಮ್ ಮೆಕಾಲ್ ಒಂದು ಮಸೂದೆಗೆ ಸಹಿ ಹಾಕಿದರು. ಕಡತಗಳಲ್ಲಿ ಅದರ ಹೆಸರು ಸೆನೆಟ್ ಬಿಲ್ 100. ರಾಜ್ಯದ ಪ್ರತಿಯೊಂದು ನಗರವೂ ಪ್ರತಿಯೊಂದು ಕೌಂಟಿಯೂ ತನ್ನ ನೆಲವನ್ನು ಮುಂದೆ ಹೇಗೆ ಬಳಸಬೇಕೆಂದು ಯೋಜನೆ ಮಾಡಲೇಬೇಕು, ಆ ಯೋಜನೆ ಇಡೀ ರಾಜ್ಯಕ್ಕೆ ಅನ್ವಯಿಸುವ ಗುರಿಗಳಿಗೆ ಹೊಂದಿಕೊಳ್ಳಲೇಬೇಕು ಎಂಬುದು ಅದರ ಸಾರ. ಎಲ್ಲಿ ಊರು ಬೆಳೆಯಬೇಕು, ಎಲ್ಲಿ ಹೊಲ ಹೊಲವಾಗಿಯೇ ಉಳಿಯಬೇಕು ಎಂಬುದನ್ನು ಮಾರುಕಟ್ಟೆಗೆ ಬಿಡದೆ, ಒಂದು ರಾಜ್ಯ ತಲೆಮಾರುಗಳ ಲೆಕ್ಕದಲ್ಲಿ ಯೋಚಿಸಲು ಹೊರಟ ಕಾನೂನು ಅದು.

ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ ಆಡಳಿತ ನಡೆಸುವವರು. ಮೆಕಾಲ್ ರಿಪಬ್ಲಿಕನ್ ಪಕ್ಷದವರು. ಶಾಸನಸಭೆಯ ಎರಡೂ ಸದನಗಳಲ್ಲಿ ಆಗ ಬಹುಮತ ಇದ್ದದ್ದು ಡೆಮಾಕ್ರಟರಿಗೆ. ಮಸೂದೆಯ ಮೂಲಪುರುಷ ಒಬ್ಬ ರಿಪಬ್ಲಿಕನ್ ಹೈನುಗಾರ. ಅದನ್ನು ಸೆನೆಟ್ ಸಮಿತಿಯಲ್ಲಿ ನಡೆಸಿಕೊಂಡು ಹೋದವರು ಪೋರ್ಟ್‌ಲ್ಯಾಂಡ್ ನಗರದ ಒಬ್ಬ ಡೆಮಾಕ್ರಟ್. ಸೆನೆಟ್‌ನಲ್ಲಿ 18-10, ಕೆಳಮನೆಯಲ್ಲಿ 40-20 ಮತಗಳಿಂದ ಅದು ಅಂಗೀಕಾರವಾಯಿತು. ಪಕ್ಷಗಳು ಒಂದಾಗಿ ನಾಡಿನ ನಾಳೆಯನ್ನು ಕಂಡ ಕಥೆಗೆ ಉದಾಹರಣೆ ಕೇಳಿದರೆ ಇಂದಿಗೂ ಇದನ್ನೇ ಹೇಳುತ್ತಾರೆ.

ಕಥೆ ಸುಳ್ಳಲ್ಲ. ಆದರೆ ಆ 58 ಮತಗಳನ್ನು ಪಕ್ಷದ ಪ್ರಕಾರ ಎಣಿಸುವ ಬದಲು ನಕ್ಷೆಯ ಮೇಲೆ ಇಟ್ಟು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ವಿಲಾಮೆಟ್ ನದಿಯ ಕಣಿವೆಯಿಂದ ಆರಿಸಿಬಂದ 60 ಸದಸ್ಯರಲ್ಲಿ 49 ಮಂದಿ ಮಸೂದೆಯ ಪರ ಮತ ಹಾಕಿದರು. ಕರಾವಳಿಯಿಂದಲೂ ಪೂರ್ವದ ಒಣ ಸೀಮೆಯಿಂದಲೂ ಬಂದ 30 ಸದಸ್ಯರಲ್ಲಿ ಪರವಾಗಿದ್ದವರು ಕೇವಲ 9. ಪಕ್ಷದ ಗೆರೆ ಅಳಿಸಿಹೋದ ಆ ದಿನವೇ ಇನ್ನೊಂದು ಗೆರೆ ಸ್ಪಷ್ಟವಾಗಿ ಮೂಡಿತ್ತು. ಒರೆಗನ್ನಿನ ಮುಂದಿನ ಮೂವತ್ತೈದು ವರ್ಷಗಳ ಭೂಚರಿತ್ರೆಯನ್ನು ಅರ್ಥ ಮಾಡಿಕೊಳ್ಳಲು ಈ ಎರಡು ಗೆರೆಗಳನ್ನೂ ಒಟ್ಟಿಗೇ ನೋಡಬೇಕು.

ಮೊದಲು ಕಣಿವೆಯ ಬಗ್ಗೆ. ಪಶ್ಚಿಮಕ್ಕೆ ಕರಾವಳಿಯ ಬೆಟ್ಟಗಳು, ಪೂರ್ವಕ್ಕೆ ಕ್ಯಾಸ್ಕೇಡ್ ಪರ್ವತಸಾಲು, ನಡುವೆ ಉತ್ತರ ದಕ್ಷಿಣವಾಗಿ ಹರಡಿದ ಫಲವತ್ತಾದ ಬಯಲು. ಪೋರ್ಟ್‌ಲ್ಯಾಂಡ್, ರಾಜಧಾನಿ ಸೇಲಂ, ಯುಜೀನ್ ಎಲ್ಲವೂ ಇಲ್ಲಿವೆ. 1970ರ ಜನಗಣತಿಯಲ್ಲಿ ಸುಮಾರು 21 ಲಕ್ಷವಿದ್ದ ಒರೆಗನ್ನಿನ ಜನರಲ್ಲಿ ಬಹುಪಾಲು ಈ ಕಣಿವೆಯವರು. ರಾಜ್ಯದ ಒಳ್ಳೆಯ ಬೇಸಾಯದ ಭೂಮಿಯ ದೊಡ್ಡ ಪಾಲೂ ಇಲ್ಲೇ. ಎರಡನೆಯ ಮಹಾಯುದ್ಧದ ನಂತರ ಊರುಗಳು ಬೆಳೆಯತೊಡಗಿದಾಗ ಮನೆಗಳಿಗೂ ಹೊಲಗಳಿಗೂ ಬೇಕಾದದ್ದು ಅದೇ ಮಣ್ಣು. ಹೆದ್ದಾರಿ ಪಕ್ಕದ ರಾಗಿ ಹೊಲದಲ್ಲಿ ಒಂದು ಬೆಳಿಗ್ಗೆ ಸೈಟಿನ ಕಲ್ಲು ನೆಟ್ಟಿದ್ದನ್ನು ಕಂಡವರಿಗೆ ಈ ಚಿತ್ರವನ್ನು ಹೆಚ್ಚು ವಿವರಿಸಬೇಕಿಲ್ಲ.

ಮೆಕಾಲ್ ಮೂಲತಃ ಪತ್ರಕರ್ತ. 1962ರಲ್ಲಿ ವಿಲಾಮೆಟ್ ನದಿಗೆ ಕಾಗದದ ಕಾರ್ಖಾನೆಗಳೂ ಊರುಗಳೂ ಸುರಿಯುತ್ತಿದ್ದ ಕೊಳೆಯ ಬಗ್ಗೆ ‘ಪೊಲ್ಯೂಷನ್ ಇನ್ ಪ್ಯಾರಡೈಸ್’ ಎಂಬ ಟಿ.ವಿ. ಸಾಕ್ಷ್ಯಚಿತ್ರ ಮಾಡಿ ಹೆಸರಾದವರು. 1966ರಲ್ಲಿ ಗವರ್ನರ್ ಚುನಾವಣೆಗೆ ನಿಂತಾಗ ಅವರ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಬಾಬ್ ಸ್ಟ್ರಾಬ್. ನದಿಯ ದಡಗಳನ್ನು ಸಾರ್ವಜನಿಕರಿಗಾಗಿ ಹಸಿರಾಗಿ ಉಳಿಸಿಕೊಳ್ಳಬೇಕೆಂಬ ಪ್ರಸ್ತಾಪವನ್ನು ಸ್ಟ್ರಾಬ್ ಮುಂದಿಟ್ಟರು. ಮೆಕಾಲ್ ಅದನ್ನು ಹೀಗಳೆಯಲಿಲ್ಲ. ಚುನಾವಣೆಯ ನಡುವೆಯೇ ಒಳ್ಳೆಯ ವಿಚಾರವೆಂದು ಒಪ್ಪಿಕೊಂಡರು, ಗೆದ್ದ ಮೇಲೆ ಕೈಗೆತ್ತಿಕೊಂಡರು. ಇಬ್ಬರೂ 1970ರಲ್ಲಿ ಮತ್ತೆ ಎದುರುಬದುರಾದರು, ಮೆಕಾಲ್ ಮತ್ತೆ ಗೆದ್ದರು. 1975ರಲ್ಲಿ ಅವರ ನಂತರ ಗವರ್ನರ್ ಆದವರು ಅದೇ ಸ್ಟ್ರಾಬ್. ಎದುರಾಳಿಯ ಮಾತನ್ನು ಎತ್ತಿಕೊಳ್ಳುವುದರಿಂದ ಮರ್ಯಾದೆ ಹೋಗುವುದಿಲ್ಲ ಎಂಬ ವಾತಾವರಣ ಆ ರಾಜಕಾರಣದಲ್ಲಿ ಇನ್ನೂ ಇತ್ತು.

1969ರಲ್ಲೇ ಒರೆಗನ್ ಒಂದು ಕಾನೂನು ಮಾಡಿ ಎಲ್ಲ ನಗರಗಳೂ ಕೌಂಟಿಗಳೂ ಭೂಬಳಕೆಯ ಯೋಜನೆ ತಯಾರಿಸಬೇಕೆಂದು ಹೇಳಿತ್ತು. ಆದರೆ ಯೋಜನೆ ಹೇಗಿರಬೇಕೆಂಬ ಸ್ಪಷ್ಟ ಅಳತೆಗೋಲಾಗಲಿ, ಬೇಕಾದ ಹಣವಾಗಲಿ ಅದರಲ್ಲಿರಲಿಲ್ಲ. ಮಾಡದಿದ್ದರೆ ಗವರ್ನರ್ ತಾವೇ ಕೈಹಾಕಬಹುದು ಎಂಬ ಬೆದರಿಕೆ ಇತ್ತು. ಅದನ್ನು ಜಾರಿಗೆ ತರುವುದು ಯಾವ ರಾಜಕಾರಣಿಗೂ ಸುಲಭದ ಮಾತಲ್ಲ.

ಆ ಖಾಲಿ ಜಾಗಕ್ಕೆ ಬಂದವರು ಲಿನ್ ಕೌಂಟಿಯ ಹೆಕ್ಟರ್ ಮ್ಯಾಕ್‌ಫರ್ಸನ್. ಹಸು ಸಾಕಿ ಹಾಲು ಮಾರುವ ರೈತ. 1970ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಸೆನೆಟ್‌ಗೆ ಆಯ್ಕೆಯಾದರು. ಅದಕ್ಕೆ ಮೊದಲು ತಮ್ಮ ಕೌಂಟಿಯ ಯೋಜನಾ ಸಮಿತಿಯಲ್ಲಿ ಕೆಲಸ ಮಾಡಿದ್ದರು. ಹೊಲಗಳ ಮಧ್ಯೆ ಬಿಡಿಬಿಡಿಯಾಗಿ ಮನೆಗಳು ಎದ್ದರೆ ಬೇಸಾಯ ಮಾಡುವುದೇ ಕಷ್ಟ ಎಂಬುದು ಅವರ ಅನುಭವ. ಪೇಟೆಯಿಂದ ಬಂದು ಮನೆ ಕಟ್ಟಿದವರಿಗೆ ಸಗಣಿಯ ವಾಸನೆ ಆಗುವುದಿಲ್ಲ, ಟ್ರ್ಯಾಕ್ಟರಿನ ಸದ್ದು ಆಗುವುದಿಲ್ಲ. ಭೂಮಿಯ ಬೆಲೆ ಏರುತ್ತದೆ, ಅದರ ಜೊತೆ ತೆರಿಗೆಯೂ ಏರುತ್ತದೆ. ಶಾಸನಸಭೆಯ ಮುಖಂಡರು ಈ ವಿಷಯದ ಅಧ್ಯಯನಕ್ಕೆ ಸಮಿತಿ ಕೊಡದಿದ್ದಾಗ ಮ್ಯಾಕ್‌ಫರ್ಸನ್ ಗವರ್ನರ್ ಕಚೇರಿಯ ನೆರವಿನಿಂದ ತಾವೇ ಒಂದು ಗುಂಪು ಕಟ್ಟಿಕೊಂಡು ಮಸೂದೆಯ ಕರಡು ತಯಾರಿಸಿದರು.

1973ರ ಜನವರಿಯಲ್ಲಿ ಅಧಿವೇಶನ ಆರಂಭವಾದಾಗ ಮೆಕಾಲ್ ಮಾಡಿದ ಭಾಷಣ ಒರೆಗನ್ನಿನಲ್ಲಿ ಈಗಲೂ ನೆನಪಿನಲ್ಲಿದೆ. ಕುರುಚಲು ಬಯಲಿನಲ್ಲಿ ಹಂಚಿಹೋಗುತ್ತಿರುವ ಸೈಟುಗಳು, ಕಡಲತೀರವನ್ನು ಮುತ್ತುತ್ತಿರುವ ವಸತಿ ಕಟ್ಟಡಗಳು, ಕಣಿವೆಯನ್ನು ನುಂಗುತ್ತಿರುವ ಬಡಾವಣೆಗಳು – ಈ ಮೂರನ್ನೂ ಹೆಸರಿಸಿ ಅವರು ಶಾಸಕರನ್ನು ಎಚ್ಚರಿಸಿದರು. ಮಸೂದೆ ಸೆನೆಟ್‌ನಲ್ಲಿ ಟೆಡ್ ಹ್ಯಾಲಕ್ ಎಂಬ ಡೆಮಾಕ್ರಟ್ ಅಧ್ಯಕ್ಷರಾಗಿದ್ದ ಸಮಿತಿಗೆ ಹೋಯಿತು. ಅಲ್ಲಿ ಅದು ಸಿಕ್ಕಿಹಾಕಿಕೊಂಡಿತು.

ಬಿಡಿಸುವ ಹೊಣೆ ಬಿದ್ದದ್ದು ಕಾರ್ಮಿಕ ಸಂಘಟನೆಯ ನಾಯಕ ಎಲ್.ಬಿ. ಡೇ ಅವರ ಮೇಲೆ. ಉದ್ಯಮದವರು, ರೈತರು, ಪರಿಸರವಾದಿಗಳು, ಸ್ಥಳೀಯ ಆಡಳಿತದವರು ಎಲ್ಲರನ್ನೂ ಕೂರಿಸಿ ಮಾತನಾಡಿಸಿದ ಆ ಗುಂಪು ಮಸೂದೆಯಿಂದ ಕೆಲವು ಭಾಗಗಳನ್ನು ಕತ್ತರಿಸಿಹಾಕಿತು. ಹಲವು ಕೌಂಟಿಗಳನ್ನು ಸೇರಿಸಿ ಮಾಡಬೇಕಿದ್ದ ಪ್ರಾದೇಶಿಕ ಯೋಜನಾ ಮಂಡಲಗಳು ಹೋದವು. ಸಮನ್ವಯದ ಕೆಲಸ ಕೌಂಟಿಗಳ ಕೈಗೇ ಬಂತು. ಸೂಕ್ಷ್ಮ ಪ್ರದೇಶಗಳ ಮೇಲೆ ರಾಜ್ಯಕ್ಕೆ ಇರಬೇಕಿದ್ದ ನೇರ ಅಧಿಕಾರ ಸೊರಗಿತು. ಕೆಳಮನೆಗೆ ಬಂದಾಗ ಅಲ್ಲಿನ ಸಮಿತಿಯ ಅಧ್ಯಕ್ಷೆ, ಡೆಮಾಕ್ರಟ್ ನ್ಯಾನ್ಸಿ ಫೇಡ್ಲಿ, ಒಂದಕ್ಷರವೂ ಬದಲಾಗದಂತೆ ನೋಡಿಕೊಂಡರು. ತಿದ್ದುಪಡಿಯೊಂದಿಗೆ ಸೆನೆಟ್‌ಗೆ ಮರಳಿದರೆ ಮಸೂದೆ ಅಲ್ಲೇ ಸಾಯುತ್ತದೆಂದು ಅವರಿಗೆ ಗೊತ್ತಿತ್ತು.

ಕಾನೂನಿನ ಪ್ರಕಾರ ಏಳು ಸದಸ್ಯರ ಒಂದು ಆಯೋಗ ರಚನೆಯಾಯಿತು. ಡೇ ಅದರ ಮೊದಲ ಅಧ್ಯಕ್ಷರಾದರು. ಆಯೋಗ ರಾಜ್ಯದುದ್ದಕ್ಕೂ ಸಭೆಗಳನ್ನು ನಡೆಸಿ ಸಾವಿರಾರು ಜನರ ಮಾತು ಕೇಳಿ, 1974ರ ಡಿಸೆಂಬರಿನಲ್ಲಿ 14 ಗುರಿಗಳನ್ನು ಅಂಗೀಕರಿಸಿತು. ನದೀತೀರ, ಕರಾವಳಿಯ ಗುರಿಗಳು ಸೇರಿ ಅವು ಮುಂದೆ 19 ಆದವು. ಮೊದಲನೆಯ ಗುರಿಯೇ ನಾಗರಿಕರ ಭಾಗವಹಿಸುವಿಕೆ. ಮೂರನೆಯದು ಕೃಷಿಭೂಮಿ, ಹತ್ತನೆಯದು ವಸತಿ. ಹದಿನಾಲ್ಕನೆಯ ಗುರಿಯ ಪ್ರಕಾರ ಪ್ರತಿ ನಗರವೂ ತನ್ನ ಸುತ್ತ ಒಂದು ಬೆಳವಣಿಗೆಯ ಗಡಿ ಎಳೆದುಕೊಳ್ಳಬೇಕು. ಸುಮಾರು 20 ವರ್ಷಗಳಿಗೆ ಬೇಕಾಗುವಷ್ಟು ಜಾಗ ಗಡಿಯೊಳಗಿರಬೇಕು, ಅದರಾಚೆ ಹೊಲ ಕಾಡುಗಳು ಉಳಿಯಬೇಕು. ಪೋರ್ಟ್‌ಲ್ಯಾಂಡ್ ಮಹಾನಗರದ ಗಡಿ 1979ರಲ್ಲಿ ನಿಗದಿಯಾಯಿತು.

ಮತ ಹಾಕಿದವರೆಲ್ಲ ಒಂದೇ ಕನಸು ಕಂಡಿದ್ದರೆ? ಇಲ್ಲ ಎಂದೇ ಹೇಳಬೇಕು. ಹೈನುಗಾರ ರಿಪಬ್ಲಿಕನ್‌ಗೆ ಬೇಕಾದದ್ದು ಬೇಸಾಯ ಎಂಬ ವೃತ್ತಿ ಬದುಕುವುದು. ನಗರದ ಡೆಮಾಕ್ರಟ್‌ಗೆ ಬೇಕಾದದ್ದು ನದಿ, ಗಾಳಿ, ಅಚ್ಚುಕಟ್ಟಾದ ಊರು. ಖರ್ಚಿನ ಲೆಕ್ಕ ನೋಡುವವರಿಗೆ ಚದುರಿದ ಮನೆಗಳಿಗೆಲ್ಲ ರಸ್ತೆ, ನೀರು, ಒಳಚರಂಡಿ ಒಯ್ಯುವುದು ದುಬಾರಿ. ಕಾರಣಗಳು ಬೇರೆ ಬೇರೆಯಾಗಿದ್ದರೂ ಎಲ್ಲವೂ ಒಂದೇ ಗೆರೆಯ ಬಳಿ ಬಂದು ನಿಂತವು. ನಾಡಿನ ಮುನ್ನೋಟ ಎಂದು ನಾವು ಏಕವಚನದಲ್ಲಿ ಕರೆಯುವುದು ಹಲವು ಸಲ ಹೀಗೆ ಹಲವು ಹಿತಗಳು ಸೇರಿದ ಒಂದು ಜಾಗ.

ಆ ಜಾಗಕ್ಕೆ ಬಾರದೆ ಉಳಿದವರ ಮಾತನ್ನೂ ಕೇಳಬೇಕು. ಪೂರ್ವದ ಕೌಂಟಿಗಳಲ್ಲಿ ಭೂಮಿ ವಿಶಾಲ, ಜನ ವಿರಳ. ಕಣಿವೆಯನ್ನು ಕಾಡುತ್ತಿದ್ದ ಒತ್ತಡ ಅಲ್ಲಿ ಅಷ್ಟಾಗಿ ಇರಲಿಲ್ಲ, ಆದರೂ ನಿಯಮ ಒಂದೇ. ಸಣ್ಣ ಹಿಡುವಳಿದಾರನಿಗೆ ಭೂಮಿಯೇ ಮುಪ್ಪಿನ ಕಾಲದ ಪಿಂಚಣಿ. ಅದನ್ನು ಭಾಗ ಮಾಡಿ ಮಾರುವಂತಿಲ್ಲ ಎಂದಾಗ ಆ ನಷ್ಟ ತುಂಬಿಕೊಡುವವರು ಯಾರು? ಊರಿಗೆಲ್ಲ ಲಾಭವಾಗುವ ಕೆಲಸಕ್ಕೆ ಒಬ್ಬನ ಹೊಲವೇ ಏಕೆ ಬೆಲೆ ತೆರಬೇಕು? 1973ರ ಒಪ್ಪಂದ ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲಿಲ್ಲ. ಮಸೂದೆ ಗೆಲ್ಲಬೇಕಾದರೆ ಅದನ್ನು ಮುಂದಕ್ಕೆ ಹಾಕುವುದೇ ಅನುಕೂಲವಾಗಿತ್ತು. ಮರುವರ್ಷದ ಚುನಾವಣೆಯಲ್ಲಿ ಮ್ಯಾಕ್‌ಫರ್ಸನ್ ಸೋತರು.

ಒರೆಗನ್ನಿನಲ್ಲಿ ಜನರೇ ಸಹಿ ಸಂಗ್ರಹಿಸಿ ಒಂದು ಕಾನೂನನ್ನು ನೇರವಾಗಿ ಮತಕ್ಕೆ ಹಾಕಬಹುದು. 1976, 1978, 1982 – ಮೂರು ಸಲ ಈ ವ್ಯವಸ್ಥೆಯನ್ನು ಕಿತ್ತುಹಾಕುವ ಇಲ್ಲವೇ ಮೊಟಕುಗೊಳಿಸುವ ಪ್ರಸ್ತಾಪಗಳು ಮತಕ್ಕೆ ಬಂದವು. ಮೂರು ಸಲವೂ ಜನ ತಿರಸ್ಕರಿಸಿದರು. ಕೊನೆಯದು ಮರದ ಉದ್ಯಮ ಕುಸಿದು ಕೆಲಸ ಹೋಗುತ್ತಿದ್ದ ಕಷ್ಟದ ವರ್ಷ. ಭೂನಿಯಮಗಳೇ ಉದ್ಯೋಗಕ್ಕೆ ಅಡ್ಡಿ ಎಂಬ ಮಾತು ಜೋರಾಗಿತ್ತು. ಮೆಕಾಲ್ ಆಗ ಅಧಿಕಾರದಲ್ಲಿರಲಿಲ್ಲ, ಕ್ಯಾನ್ಸರ್ ಮರಳಿತ್ತು. ಅದನ್ನು ಮುಚ್ಚಿಡದೆಯೇ ಅವರು ಪ್ರಚಾರಕ್ಕೆ ಇಳಿದರು. ಪ್ರಸ್ತಾಪ ನವೆಂಬರಿನಲ್ಲಿ ಸೋತಿತು. 1983ರ ಜನವರಿಯಲ್ಲಿ ಮೆಕಾಲ್ ತೀರಿಕೊಂಡರು.

ಉತ್ತರ ಸಿಗದ ಪ್ರಶ್ನೆ ಮಾತ್ರ ಸಾಯಲಿಲ್ಲ. ಪರಿಹಾರ ಕೊಡಬೇಕೆಂಬ ಪ್ರಸ್ತಾಪ 2000ದಲ್ಲಿ ಗೆದ್ದಿತು. ಅದನ್ನು ರಾಜ್ಯದ ಸುಪ್ರೀಂ ಕೋರ್ಟ್ 2002ರಲ್ಲಿ ರದ್ದು ಮಾಡಿತು. 2004ರಲ್ಲಿ ಅದೇ ಪ್ರಶ್ನೆ ‘ಮೆಷರ್ 37’ ಎಂಬ ಹೆಸರಿನಲ್ಲಿ ಮರಳಿತು: ನಿಯಮಗಳಿಗಿಂತ ಮೊದಲೇ ಭೂಮಿ ಹೊಂದಿದ್ದವರಿಗೆ ಸರ್ಕಾರ ನಷ್ಟ ತುಂಬಬೇಕು, ಇಲ್ಲವೇ ನಿಯಮ ಸಡಿಲಿಸಬೇಕು. ಪ್ರಚಾರದ ಮುಖವಾದವರು ತೊಂಬತ್ತು ದಾಟಿದ ಒಬ್ಬ ವೃದ್ಧೆ. ದಶಕಗಳ ಹಿಂದೆ ಕೊಂಡ ಜಮೀನನ್ನು ಭಾಗ ಮಾಡಲು ಬಿಡುತ್ತಿಲ್ಲ ಎಂಬುದು ಅವರ ಅಳಲು. ಸುಮಾರು ಶೇ 61ರಷ್ಟು ಮತದಾರರು ಅದನ್ನು ಒಪ್ಪಿದರು. ಈ ಸಲ ಕಣಿವೆಯೂ ಬೇರೆಯಾಗಿ ನಿಲ್ಲಲಿಲ್ಲ. ಸುಮಾರು 7,000 ಅರ್ಜಿಗಳು ಬಂದವು. ವೃದ್ಧೆಯೊಬ್ಬರಿಗೆ ನ್ಯಾಯ ಸಿಗಲೆಂದು ಮತ ಹಾಕಿದವರು ದೊಡ್ಡ ದೊಡ್ಡ ಬಡಾವಣೆಗಳ ಅರ್ಜಿಗಳನ್ನು ಕಂಡು ಬೆಚ್ಚಿದರು. 2007ರಲ್ಲಿ ‘ಮೆಷರ್ 49’ ನಡುದಾರಿ ಹುಡುಕಿತು: ಸಾಮಾನ್ಯವಾಗಿ ಮೂರು ಮನೆಗಳವರೆಗೆ ಅವಕಾಶ, ದೊಡ್ಡ ಬಡಾವಣೆಗಳಿಗೆ ತಡೆ. ಅದಕ್ಕೂ ಸುಮಾರು ಶೇ 62 ಮತ ಬಿತ್ತು. ಸಣ್ಣವನ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಇಂಥದ್ದೊಂದು ವಾಕ್ಯ 1973ರಲ್ಲೇ ಇದ್ದಿದ್ದರೆ ಎಂದು ಅನಿಸದೆ ಇರದು. ಆದರೆ ಅಂಥ ವಾಕ್ಯದ ಭಾರಕ್ಕೆ ಆಗ ಮಸೂದೆಯೇ ಮುಳುಗುತ್ತಿತ್ತೇನೋ.

ಪಕ್ಷಗಳ ಒಮ್ಮತವನ್ನು ಹೊಗಳುವುದು ಸುಲಭ. ಒರೆಗನ್ನಿನ ಅನುಭವ ನೋಡಿದರೆ, ಒಮ್ಮತ ಸಿಕ್ಕ ದಿನ ಕೇಳಬೇಕಾದದ್ದು ಯಾವ ಯಾವ ಪಕ್ಷ ಒಪ್ಪಿತು ಎಂಬುದಷ್ಟೇ ಅಲ್ಲ. ಯಾವ ಸೀಮೆ ಒಪ್ಪಲಿಲ್ಲ, ಯಾವ ಪ್ರಶ್ನೆಯನ್ನು ಬದಿಗಿಟ್ಟೆವು ಎಂಬುದೂ ಹೌದು. ಮೆಷರ್ 37ರ ವಿರುದ್ಧ ನ್ಯಾಯಾಲಯಕ್ಕೆ ಹೋದವರ ಪಟ್ಟಿಯಲ್ಲಿ ಮೊದಲ ಹೆಸರು ಹೆಕ್ಟರ್ ಮ್ಯಾಕ್‌ಫರ್ಸನ್ ಅವರದು. ಆಗ ಅವರಿಗೆ ಎಂಬತ್ತೈದು ದಾಟಿತ್ತು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದು, 2006ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸೋತರು. ಮೂವತ್ಮೂರು ವರ್ಷಗಳ ಹಿಂದೆ ಗೆದ್ದ ಮಸೂದೆಯ ಕೆಲಸ ಅವರ ಪಾಲಿಗೆ ಆಗಲೂ ಮುಗಿದಿರಲಿಲ್ಲ.