ಕೊಬ್ಬಿನ ಗುಳ್ಳೆಯೊಳಗಿನ ಮದ್ದು

2021ರ ಮೇ ತಿಂಗಳಲ್ಲಿ ಬೆಂಗಳೂರು, ಪುಣೆ, ದೆಹಲಿ ಎನ್ನದೆ ಎಲ್ಲೆಡೆ ಜನ ಒಂದು ಇಂಜೆಕ್ಷನ್ನಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದರು: ಲಿಪೊಸೋಮಲ್ ಆಂಫೊಟೆರಿಸಿನ್ ಬಿ. ಕೋವಿಡ್‌ನಿಂದ ಎದ್ದವರಿಗೆ ಬ್ಲ್ಯಾಕ್ ಫಂಗಸ್ ತಗಲುತ್ತಿದ್ದ ದಿನಗಳವು. ಆಂಫೊಟೆರಿಸಿನ್ ಹೊಸ ಔಷಧವೇನಲ್ಲ, 1950ರ ದಶಕದ್ದು. ಆದರೆ ಅದನ್ನು ಬರಿದಾಗಿ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು. ಹಾಗಾಗಿ ಎಲ್ಲರೂ ಹುಡುಕಿದ್ದು ಹೆಸರಿನ ಮೊದಲ ಪದವನ್ನು.

ಗ್ರೀಕಿನಲ್ಲಿ ‘ಲಿಪೋಸ್’ ಎಂದರೆ ಕೊಬ್ಬು, ‘ಸೋಮ’ ಎಂದರೆ ಒಡಲು. ಕನ್ನಡದಲ್ಲಿ ‘ಕೊಬ್ಬೊಡಲು’ ಎನ್ನಬಹುದು. 1960ರ ದಶಕದ ಆರಂಭದಲ್ಲಿ ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ ಆಲೆಕ್ ಬ್ಯಾಂಗಮ್ ಮತ್ತು ರಾಬರ್ಟ್ ಹಾರ್ನ್ ಫಾಸ್ಫೊಲಿಪಿಡ್ ಎಂಬ ಕೊಬ್ಬನ್ನು ನೀರಿಗೆ ಬೆರೆಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಈರುಳ್ಳಿಯಂತೆ ಪದರ ಪದರವಾದ ಗುಳ್ಳೆಗಳು ಕಂಡವು. ಈ ಕೊಬ್ಬಿನ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ಆಗದು. ನೀರಿನಲ್ಲಿ ಬಾಲಗಳು ಒಳಗೆ ಅಡಗಿ, ತಲೆಗಳು ಹೊರಗೆ ಉಳಿದು, ಎರಡು ಸಾಲಿನ ಪೊರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಮ್ಮ ಜೀವಕೋಶದ ಪೊರೆಯೂ ಇದೇ ಬಗೆಯದು. 1964ರಲ್ಲಿ ಇದು ಪ್ರಕಟವಾಯಿತು. ಗೆಳೆಯರು ತಮಾಷೆಗೆ ‘ಬ್ಯಾಂಗೊಸೋಮ್’ ಎನ್ನುತ್ತಿದ್ದರಂತೆ. ಉಳಿದದ್ದು ಜೆರಾಲ್ಡ್ ವೈಸ್‌ಮನ್ ಕೊಟ್ಟ ‘ಲಿಪೊಸೋಮ್’.

ಗುಳ್ಳೆಯೊಳಗೆ ಮದ್ದು ತುಂಬಬಹುದಲ್ಲವೇ? 1971ರಲ್ಲಿ ಲಂಡನ್ನಿನಲ್ಲಿ ಗ್ರೆಗರಿ ಗ್ರೆಗೊರಿಯಾಡಿಸ್ ಮತ್ತು ಬ್ರೆಂಡಾ ರೈಮನ್ ಕಿಣ್ವ ತುಂಬಿದ ಲಿಪೊಸೋಮನ್ನು ಇಲಿಗಳಿಗೆ ಚುಚ್ಚಿದರು. ಅದು ಹೆಚ್ಚಾಗಿ ಹೋಗಿ ಸೇರಿದ್ದು ಯಕೃತ್ತು ಮತ್ತು ಗುಲ್ಮವನ್ನು. ಅಲ್ಲಿರುವ ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳು ಗುಳ್ಳೆಯನ್ನು ಕಸವೆಂದು ನುಂಗಿಬಿಡುತ್ತವೆ. ಕ್ಯಾನ್ಸರಿನ ಔಷಧ ಸಾಗಿಸಬೇಕೆಂದವರಿಗೆ ಇದೇ ದೊಡ್ಡ ಅಡ್ಡಿ. ಗುಳ್ಳೆಗೆ ಪಾಲಿಎಥಿಲೀನ್ ಗ್ಲೈಕಾಲ್‌ನ ಹೊದಿಕೆ ಹಾಕಿ ಕಾವಲು ತಪ್ಪಿಸಿದ ಡಾಕ್ಸಿಲ್‌ಗೆ 1995ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಆದರೆ ಬಿಹಾರದ ಕಾಲಾ ಆಜಾರ್‌ನಲ್ಲಿ ಆ ಅಡ್ಡಿಯೇ ವರವಾಯಿತು. ಈ ರೋಗದ ಪರಾವಲಂಬಿ ಬದುಕುವುದೇ ಮ್ಯಾಕ್ರೊಫೇಜ್‌ಗಳ ಒಳಗೆ. ಕಾವಲುಗಾರ ಗುಳ್ಳೆ ನುಂಗಿದರೆ ಮದ್ದು ನೇರ ಶತ್ರುವಿನ ಮನೆಗೇ ಹೋದಂತೆ. ಹಳೆಯ ಕ್ರಮದಲ್ಲಿ ದಿನ ಬಿಟ್ಟು ದಿನ 15 ಬಾರಿ ಆಂಫೊಟೆರಿಸಿನ್ ಏರಿಸಬೇಕು. ಕೂಲಿ ಬಿಟ್ಟು ಒಂದು ತಿಂಗಳು ಆಸ್ಪತ್ರೆಯಲ್ಲಿರಬೇಕು. ಶ್ಯಾಮ್ ಸುಂದರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಿಪೊಸೋಮಲ್ ರೂಪದ ಒಂದೇ ಡೋಸ್, ದೇಹತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂ, ಸುಮಾರು 95 ಶೇಕಡ ರೋಗಿಗಳನ್ನು ಗುಣಪಡಿಸಿತು. ಬಡವರ ಪಾಲಿಗೆ ನ್ಯಾನೋ ತಂತ್ರಜ್ಞಾನವೆಂದರೆ ಉಳಿದ ಒಂದು ತಿಂಗಳ ದುಡಿಮೆ.

ಈ ಗುಳ್ಳೆಯ ಅಗಲ 100 ನ್ಯಾನೋಮೀಟರಿಗೂ ಕಡಿಮೆ. ಒಂದು ಕೆಂಪು ರಕ್ತಕಣದ ಉದ್ದಕ್ಕೆ 70 ಗುಳ್ಳೆ ಸಾಲಾಗಿ ಕೂರಬಲ್ಲವು. ನೀರಿನಲ್ಲಿ ಅದು ತಾನಾಗಿ ಹುಟ್ಟುತ್ತದೆ ನಿಜ. ಆದರೆ ಒಂದೇ ಅಳತೆಯಲ್ಲಿ, ಸೋಂಕಿಲ್ಲದಂತೆ, ಮದ್ದು ಸೋರದಂತೆ ಲಕ್ಷಾಂತರ ಸೀಸೆ ತುಂಬಿಸುವುದು ಸುಲಭವಲ್ಲ. 2021ರಲ್ಲಿ ತಯಾರಕರು ಕೆಲವರೇ ಇದ್ದರು, ಬೇಡಿಕೆ ದಿಢೀರನೆ ಏರಿತು. ಅದೇ ವರ್ಷ ಈ ಗುಳ್ಳೆಯ ಹತ್ತಿರದ ನೆಂಟ, ಲಿಪಿಡ್ ನ್ಯಾನೋಕಣ, ಎಂಆರ್‌ಎನ್‌ಎ ಲಸಿಕೆಯನ್ನು ಹೊತ್ತು ಲೋಕವೆಲ್ಲ ಸುತ್ತುತ್ತಿತ್ತು. ವಿಜ್ಞಾನ ಅರ್ಧ ಶತಮಾನದ ಹಿಂದೆಯೇ ದಾರಿ ತೋರಿಸಿತ್ತು. ಸೀಸೆ ರೋಗಿಯ ಹಾಸಿಗೆಯ ತನಕ ಬರುವ ದಾರಿಯನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು.